ಹೊಲಿಗೆ ಕಾಣುವ ಚಿತ್ರಗಳು: ಬ್ರೆಜಿಲ್‌ನಲ್ಲಿ ಹತ್ತು ದಿನ

ಆಫ್ರಿಕಾ ಮೂಲದ ಬ್ರೆಜಿಲ್ ಜನರ ಕಲೆ ನೋಡಲೆಂದೇ ಹೊರಡುವ ಈ ಪ್ರವಾಸ ಮಂಗಳವಾರವೇ ಶುರುವಾಗಬೇಕು. ಕಾರಣ ಪಂಚಾಂಗದ್ದಲ್ಲ, ಬೀಗದ್ದು. ಸಾವೊ ಪಾಲೊದ ಮಾಸ್ಪ್ ಎಂಬ ಕಲಾ ಮ್ಯೂಸಿಯಂ ಮತ್ತು ಆಫ್ರೊ ಬ್ರೆಜಿಲ್ ಮ್ಯೂಸಿಯಂ ಸೋಮವಾರ ಮುಚ್ಚಿರುತ್ತವೆ, ಅಲ್ಲಿನ ಇನ್ನೊಂದು ಕಲಾ ಮ್ಯೂಸಿಯಂ ಪಿನಕೊತೇಕ ಮಂಗಳವಾರ ಮುಚ್ಚಿರುತ್ತದೆ. ಲೆಕ್ಕ ತಪ್ಪಿದರೆ ಮೂರು ದಿನದಲ್ಲಿ ಒಂದು ದಿನ ಗೇಟಿನ ಮುಂದೆ ನಿಂತು ವಾಪಸ್ ಬರಬೇಕಾಗುತ್ತದೆ.

ಸಾಲ್ವಡಾರ್‌ನಿಂದ ಶುರುಮಾಡೋಣ ಅನ್ನಿಸುವುದು ಸಹಜ, ಆದರೆ ಬೇಡ. ಅಲ್ಲಿ ಬೀದಿಯೇ ಬಣ್ಣ, ಡೋಲು, ಎಣ್ಣೆಯ ಘಮಲು; ಕಣ್ಣು ಚೆದುರಿಹೋಗುತ್ತದೆ. ಮೊದಲು ಸಾವೊ ಪಾಲೊದಲ್ಲಿ ಮೂರು ದಿನ ಕೃತಿಗಳನ್ನು ಓದುವುದು ಕಲಿತು, ರಿಯೊದಲ್ಲಿ ಎರಡು ದಿನ ಆ ಕಲೆ ಎಲ್ಲಿಂದ ಹುಟ್ಟಿತೋ ಆ ಕಲ್ಲುಗಳನ್ನು ನೋಡಿ, ಆಮೇಲೆ ಸಾಲ್ವಡಾರ್‌ಗೆ ಹೋದರೆ ಅಲ್ಲಿನ ಪ್ರತಿ ಗುರುತೂ ಮಾತಾಡುತ್ತದೆ. ಹಿನ್ನೆಲೆಗೆ ಎರಡು ಅಂಕಿ ಸಾಕು: ಆಫ್ರಿಕಾದಿಂದ ಸುಮಾರು 48 ಲಕ್ಷ ಜನರನ್ನು ಗುಲಾಮರಾಗಿ ಇಳಿಸಿಕೊಂಡ ದೇಶ ಇದು. ಅಮೆರಿಕ ಖಂಡಗಳಲ್ಲಿ ಎಲ್ಲರಿಗಿಂತ ಕೊನೆಗೆ, 1888ರ ಮೇ 13ರಂದು, ಗುಲಾಮಗಿರಿಯನ್ನು ರದ್ದು ಮಾಡಿದ್ದೂ ಇದೇ ದೇಶ.

ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕು. ವೀಸಾಗಿಂತ ಹೆಚ್ಚು ಜನ ಎಡವುವುದು ಹಳದಿ ಜ್ವರದ ಲಸಿಕೆಯಲ್ಲಿ. ಬ್ರೆಜಿಲ್‌ನಿಂದ ಭಾರತಕ್ಕೆ ಮರಳುವವರ ಕೈಯಲ್ಲಿ ಲಸಿಕೆ ಕಾರ್ಡ್ ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇರಿಸಬಹುದು. ಚುಚ್ಚಿಸಿಕೊಂಡು ಹತ್ತು ದಿನ ಆದಮೇಲೇ ಕಾರ್ಡ್ ಊರ್ಜಿತ, ಆಮೇಲೆ ಆಜೀವ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಹೊರಡುವ ಹಿಂದಿನ ವಾರ ಓಡಿದರೆ ಸಿಗುವುದಿಲ್ಲ.

ತಿಂಗಳು ಯಾವುದು? ನವೆಂಬರ್ ಒಳ್ಳೆಯದು. ನವೆಂಬರ್ 20 ಕಪ್ಪು ಪ್ರಜ್ಞೆಯ ದಿನ, 2024ರಿಂದ ರಾಷ್ಟ್ರೀಯ ರಜೆ. ಆ ತಿಂಗಳಿಡೀ ಕಪ್ಪು ಕಲಾವಿದರ ಪ್ರದರ್ಶನಗಳು ಹೆಚ್ಚು. ಆದರೆ 20ರಂದು ರಜೆ ಅನ್ನುವುದು ನೆನಪಿರಲಿ. ಏಪ್ರಿಲ್‌ನಿಂದ ಜುಲೈ ಸಾಲ್ವಡಾರ್‌ನಲ್ಲಿ ಮಳೆ.

ಮೊದಲ ದಿನ, ಮಂಗಳವಾರ: ಮಾಸ್ಪ್

ಮೆಟ್ರೊದ ಹಸಿರು ಲೈನ್, ತ್ರಿಯನೊನ್-ಮಾಸ್ಪ್ ನಿಲ್ದಾಣ. ಮೆಟ್ಟಿಲು ಹತ್ತಿದರೆ ಪೌಲಿಸ್ತ ಅವೆನ್ಯೂ. ಕೆಂಪು ಕಂಬಗಳ ಮೇಲೆ ನೇತಾಡುವಂತಿರುವ, ವಾಸ್ತುಶಿಲ್ಪಿ ಲೀನಾ ಬೊ ಬಾರ್ದಿಯ ಕಟ್ಟಡ ಎದುರಿಗೇ. ಮಂಗಳವಾರ ಪ್ರವೇಶ ಉಚಿತ, ಆದರೆ ಉಚಿತ ಟಿಕೆಟನ್ನೂ ಮೊದಲೇ ಆನ್‌ಲೈನ್‌ನಲ್ಲಿ ತೆಗೆದಿಡಬೇಕು.

ಸಂಗ್ರಹದ ಮಹಡಿಯಲ್ಲಿ ಗೋಡೆಯೇ ಇಲ್ಲ. ಒಂದೊಂದು ಕಾಂಕ್ರೀಟ್ ದಿಮ್ಮಿಗೆ ಒಂದೊಂದು ಗಾಜಿನ ಹಲಗೆ ಸಿಕ್ಕಿಸಿ, ಅದಕ್ಕೆ ಚಿತ್ರ ತೂಗುಹಾಕಿದ್ದಾರೆ. ಹೆಸರು, ಇಸವಿ, ಕಲಾವಿದ ಎಲ್ಲ ಹಿಂಬದಿಯಲ್ಲಿ. ಮೊದಲು ಮುಖ ನೋಡಬೇಕು, ಆಮೇಲೆ ಸುತ್ತಿ ಹೋಗಿ ಹೆಸರು ಓದಬೇಕು.

ಈ ಏರ್ಪಾಡಿಗೆ ಡಾಲ್ಟನ್ ಪೌಲ ಬರೆದ ಭಾವಚಿತ್ರಗಳಷ್ಟು ಒಪ್ಪುವ ಕೃತಿ ಇನ್ನೊಂದಿಲ್ಲ. 2018ರಲ್ಲಿ ಮಾಸ್ಪ್ ಮತ್ತು ತೊಮಿಯೆ ಒಹ್ತಾಕೆ ಸಂಸ್ಥೆ ಸೇರಿ ನಡೆಸಿದ 'ಆಫ್ರೊ-ಅಟ್ಲಾಂಟಿಕ್ ಇತಿಹಾಸಗಳು' ಪ್ರದರ್ಶನಕ್ಕೆ ಬರೆದವು ಇವು. ಒಂದು ಝೆಫೆರೀನಾಳದು, 1826ರಲ್ಲಿ ಸಾಲ್ವಡಾರ್ ಬಳಿಯ ಉರುಬು ಕಿಲೊಂಬೊದ ದಂಗೆಯ ಮುಂದಾಳು. ಕಿಲೊಂಬೊ ಅಂದರೆ ತಪ್ಪಿಸಿಕೊಂಡ ಗುಲಾಮರು ಕಟ್ಟಿಕೊಂಡ ಊರು. ಇನ್ನೊಂದು ಜುಆಂವ್ ಜಿ ಡೆಯುಸ್ ನಾಸಿಮೆಂತೊನದು. ದರ್ಜಿ, ಸಾಲ್ವಡಾರ್ ಇರುವ ಬಾಹಿಯಾದಲ್ಲಿ 1798ರಲ್ಲಿ ಪೋರ್ಚುಗೀಸ್ ಆಳ್ವಿಕೆಯ ವಿರುದ್ಧ ನಡೆದ ಸಂಚಿನಲ್ಲಿ ಸಿಕ್ಕಿ ಮರುವರ್ಷ ಗಲ್ಲಿಗೇರಿದವನು. ಇಬ್ಬರದೂ ಬದುಕಿದ್ದಾಗಿನ ಚಿತ್ರ ಒಂದೂ ಇಲ್ಲ. ಪೌಲ ಇಂದಿನ ಕಿಲೊಂಬೊ ಊರುಗಳ ಜನರ ಮುಖಗಳಿಂದ ಈ ಮುಖಗಳನ್ನು ಕಟ್ಟಿದರು.

ಹತ್ತಿರ ಹೋಗಿ ನೋಡಬೇಕಾದ್ದು ಎರಡು. ಕೂದಲಿಗೆ ಚಿನ್ನದ ರೇಕು ಹಚ್ಚಿದ್ದಾರೆ. ನೇರ ನಿಂತರೆ ಮಂಕು, ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಹೊಳೆಯುತ್ತದೆ. ಎರಡನೆಯದು, ಚಿತ್ರದ ನಡುವೆ ಮೇಲಿಂದ ಕೆಳಗೆ ಒಂದು ಗೆರೆ. ಬಿರುಕಲ್ಲ, ಎರಡು ಕ್ಯಾನ್ವಾಸ್ ಕೂಡಿಸಿದ ಜಾಗ. ಮುಚ್ಚಬಹುದಿತ್ತು, ಮುಚ್ಚಿಲ್ಲ. ಮುಂದಿನ ಒಂಬತ್ತು ದಿನ ಇಂಥ ಜಾಗಗಳನ್ನೇ ಹುಡುಕಿಕೊಂಡು ಹೋಗಿ.

ಕೃತಿಗಳನ್ನು ಆಗಾಗ ಬದಲಿಸುತ್ತಾರೆ, ಬೇರೆಡೆಗೆ ಎರವಲೂ ಕೊಡುತ್ತಾರೆ. ಒಂದೇ ಕೃತಿಗಾಗಿ ಹೋಗುವುದಾದರೆ ಹಿಂದಿನ ವಾರ ಇಮೇಲ್ ಹಾಕಿ ಕೇಳಿ.

ಎರಡನೇ ದಿನ, ಬುಧವಾರ: ಇಬಿರಾಪುವೆರಾ ಪಾರ್ಕ್

ಪಾರ್ಕ್ ಲಾಲ್‌ಬಾಗ್‌ಗಿಂತ ದೊಡ್ಡದು. ತಪ್ಪು ಗೇಟಿನಲ್ಲಿ ಇಳಿದರೆ ಅರ್ಧ ಗಂಟೆ ನಡಿಗೆ. ಟ್ಯಾಕ್ಸಿಯವರಿಗೆ ಬರೀ ಪಾರ್ಕಿನ ಹೆಸರು ಹೇಳದೆ 'ಪೊರ್ತಾಂವ್ ದೆಸ್' ಅನ್ನಿ, ಹತ್ತನೇ ಗೇಟು. ಅಲ್ಲಿಂದ ಎಮನುಯೆಲ್ ಅರೌಜೊ ಆಫ್ರೊ ಬ್ರೆಜಿಲ್ ಮ್ಯೂಸಿಯಂ ಹತ್ತಿರ. ಕಟ್ಟಡ ವಾಸ್ತುಶಿಲ್ಪಿ ಆಸ್ಕರ್ ನಿಮಾಯೆರ್ ಅವರದು. ಬುಧವಾರ ಟಿಕೆಟ್ ಇಲ್ಲ.

ಅರೌಜೊ ಬಾಹಿಯಾದ ಸಾಂತೊ ಅಮಾರೊದವರು, ಶಿಲ್ಪಿ, ಗ್ರಾಫಿಕ್ ಕಲಾವಿದ. 1988ರಲ್ಲಿ, ಗುಲಾಮಗಿರಿ ರದ್ದಾಗಿ ನೂರು ವರ್ಷವಾದಾಗ, 'ಆಫ್ರೊ-ಬ್ರೆಜಿಲಿಯನ್ ಕೈ' ಎಂಬ ಪ್ರದರ್ಶನ ಮಾಡಿದರು. 1992ರಿಂದ 2002ರವರೆಗೆ ಪಿನಕೊತೇಕದ ನಿರ್ದೇಶಕರಾಗಿದ್ದರು. 2004ರಲ್ಲಿ ತಮ್ಮ ಸಂಗ್ರಹವನ್ನೇ ಬುನಾದಿ ಮಾಡಿ ಈ ಮ್ಯೂಸಿಯಂ ತೆರೆದರು. 2022ರಲ್ಲಿ ತೀರಿಕೊಂಡ ಮೇಲೆ ಅದಕ್ಕೆ ಅವರ ಹೆಸರು ಸೇರಿತು.

ಎಂಟು ಸಾವಿರಕ್ಕೂ ಹೆಚ್ಚು ವಸ್ತುಗಳಿರುವ ಸಂಗ್ರಹ. ಜೋಡಣೆ ಒತ್ತೊತ್ತಾಗಿದೆ: ಮುಖವಾಡ, ಬರೋಕ್ ಸಂತರು, ಕಬ್ಬಿನ ಗಾಣದ ಸಾಮಾನು, ಹಳೆಯ ಫೋಟೊ, ಅದರ ಪಕ್ಕಕ್ಕೇ ನಿನ್ನೆ ಮೊನ್ನೆ ಮಾಡಿದ ಕೃತಿ. ಇದನ್ನು ಅಸ್ತವ್ಯಸ್ತ ಅನ್ನುವವರಿದ್ದಾರೆ. ಒಪ್ಪುವ ಮಾತಲ್ಲ. ಪೂಜೆಗೆ ಮಾಡಿದ್ದು ಒಂದು ಕೋಣೆ, ಕಲೆಗೆ ಮಾಡಿದ್ದು ಇನ್ನೊಂದು ಕೋಣೆ ಎಂದು ವಿಂಗಡಿಸಿದ್ದರೆ ಮುಖ್ಯವಾದ ಕೊಂಡಿಯೇ ತಪ್ಪಿಹೋಗುತ್ತಿತ್ತು. ಮೇಲಿನ ಮಹಡಿಯ ಕಾಯಂ ಸಂಗ್ರಹವನ್ನು ಮೊದಲು ನೋಡಿ. ಮೂರು ಗಂಟೆ ಬೇಕು. ಮಂಕು ಬೆಳಕಿನಲ್ಲಿ ಹಡಗಿನ ಮರದ ಅಸ್ಥಿಪಂಜರ ಒಂದಿದೆ; ಅದರ ಪಕ್ಕ ಬೇಗ ಬೇಗ ಹಾದುಹೋಗಲು ಆಗುವುದಿಲ್ಲ. ವಿವರಣೆ ಬಹುಪಾಲು ಪೋರ್ಚುಗೀಸ್‌ನಲ್ಲಿರುವುದರಿಂದ ಫೋನಿನ ಅನುವಾದ ಆ್ಯಪ್‌ನಲ್ಲಿ ಆ ಭಾಷೆಯನ್ನು ಮೊದಲೇ ಇಳಿಸಿಕೊಂಡಿರಿ.

ಮೆಸ್ತ್ರೆ ದಿದಿ (1917–2013) ಅವರ ಶಿಲ್ಪ ಕಂಡರೆ ಹತ್ತು ನಿಮಿಷ ನಿಲ್ಲಿ. ದೆಂದೆ ಎಂಬ ಎಣ್ಣೆ ತಾಳೆಯ ಗರಿಯ ನಡುಕಡ್ಡಿಗಳನ್ನು ಸೀಳಿ, ಹಿಡಿ ಹಿಡಿಯಾಗಿ ಕಟ್ಟಿ, ಬಣ್ಣದ ಚರ್ಮದ ಪಟ್ಟಿ ಸುತ್ತಿ, ಕವಡೆ ಮತ್ತು ಮಣಿ ಪೋಣಿಸಿರುತ್ತಾರೆ. ನಮ್ಮ ಕಣ್ಣಿಗೆ ಥಟ್ಟನೆ ತೆಂಗಿನ ಕಡ್ಡಿ ಪೊರಕೆ. ತಮಾಷೆಯಲ್ಲ, ಅದು ಪೊರಕೆಯ ವಂಶದ್ದೇ. ಶಶರಾ ಎಂಬ ಈ ಆಯುಧ ಒಬಲುವಾಯೆ ದೇವರದು. ಸಿಡುಬು ತರುವವನೂ ಅವನೇ, ಗುಡಿಸಿ ಹಾಕುವವನೂ ಅವನೇ. ಮಾರಮ್ಮನ ಊರುಗಳಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುದಿ ಬಾಗಿ ಒಳಕ್ಕೆ ಸುತ್ತಿಕೊಂಡಿದ್ದರೆ ಅದು ಇಬಿರಿ, ಅವನ ತಾಯಿ ನನಾಳದು. ದಿದಿ ಸ್ವತಃ ಪೂರ್ವಜರ ಆರಾಧನೆಯ ಹಿರಿಯ ಪೂಜಾರಿ. ಗುಡಿಗೆ ಮಾಡುತ್ತಿದ್ದ ಆಯುಧವನ್ನು ಆಳೆತ್ತರಕ್ಕೆ ಬೆಳೆಸಿ, ಹಾವು, ಹಕ್ಕಿ ಸೇರಿಸಿ, 1989ರ ಪ್ಯಾರಿಸ್ ಪ್ರದರ್ಶನದವರೆಗೆ ಒಯ್ದರು.

ಬೆಸ ಇಸವಿಯ ಸೆಪ್ಟೆಂಬರ್ ನಂತರ ಬಂದಿದ್ದರೆ ಇದೇ ಪಾರ್ಕಿನಲ್ಲಿ ಸಾವೊ ಪಾಲೊ ಬಿಯೆನಾಲೆ, ಅಂದರೆ ಎರಡು ವರ್ಷಕ್ಕೊಮ್ಮೆಯ ದೊಡ್ಡ ಕಲಾ ಪ್ರದರ್ಶನ, ನಡೆಯುತ್ತಿರಬಹುದು. ಅದೂ ಉಚಿತ.

ಮೂರನೇ ದಿನ, ಗುರುವಾರ: ಪಿನಕೊತೇಕ

ಲೂಸ್ ಮೆಟ್ರೊ ನಿಲ್ದಾಣ. ಹೊರಗೆ ಬಂದಾಗ ಫೋನ್ ಜೇಬಿನಲ್ಲಿರಲಿ, ಕೈಯಲ್ಲಿ ಬೇಡ. ಮ್ಯಾಪ್ ನೋಡುವುದಿದ್ದರೆ ನಿಲ್ದಾಣದ ಒಳಗೇ ನೋಡಿಕೊಳ್ಳಿ. ಕೆಂಪು ಇಟ್ಟಿಗೆ ಕಟ್ಟಡ ರಸ್ತೆಯ ಆಚೆಗಿದೆ.

ಇಲ್ಲಿ ಹುಡುಕಬೇಕಾದ ಹೆಸರು ರೊಜಾನ ಪೌಲಿನೊ. 1967ರಲ್ಲಿ ಸಾವೊ ಪಾಲೊದಲ್ಲೇ ಹುಟ್ಟಿದವರು. 2018ರಲ್ಲಿ ಈ ಮ್ಯೂಸಿಯಂ 'ನೆನಪಿನ ಹೊಲಿಗೆ' ಎಂಬ ಹೆಸರಿನಲ್ಲಿ ಅವರ ದೊಡ್ಡ ಪ್ರದರ್ಶನ ಮಾಡಿತು. ಅವರ 'ನೆನಪಿನ ಗೋಡೆ' ಇಲ್ಲಿಯ ಸಂಗ್ರಹದಲ್ಲಿದೆ.

ದೂರದಿಂದ ಅದು ಹೆಂಚಿನ ಗೋಡೆಯಂತೆ ಕಾಣುತ್ತದೆ. ಹತ್ತಿರ ಹೋದರೆ ಪ್ರತಿ ಹೆಂಚೂ ಒಂದು ಪುಟ್ಟ ದಿಂಬು. ಎಂಟು ಸೆಂಟಿಮೀಟರ್ ಚೌಕ, ಮೂರು ಸೆಂಟಿಮೀಟರ್ ದಪ್ಪ. ಮೇಲೆ ಮನೆಯವರ ಹಳೆಯ ಫೋಟೊದ ಜೆರಾಕ್ಸ್ ಪ್ರತಿ ಬಟ್ಟೆಗೆ ಇಳಿದಿದೆ, ಅಲ್ಲಲ್ಲಿ ಜಲವರ್ಣ, ಸುತ್ತ ಹತ್ತಿ ದಾರದ ಹೊಲಿಗೆ. ಈ ಆಕಾರ ಪತುಆದ್ದು. ಕಂದೊಂಬ್ಲೆ ಎಂಬ ಆಫ್ರೊ-ಬ್ರೆಜಿಲಿಯನ್ ಧರ್ಮವನ್ನು ನಂಬುವವರು ರಕ್ಷೆಗೆ ಕಟ್ಟಿಕೊಳ್ಳುವ ಬಟ್ಟೆಯ ಗಂಟು, ನಮ್ಮ ತಾಯತ. ತಾಯತದ ಒಳಗೆ ಏನಿದೆ ಎಂದು ಬಿಚ್ಚಿ ನೋಡುವಂತಿಲ್ಲ ಅಲ್ಲವೇ? ಇಲ್ಲಿ ಮುಖಗಳೇ ತಾಯತದ ಹೊರಮೈ.

ಈಗ ಎಣಿಸಿ. ಗೋಡೆಯಲ್ಲಿ ಸುಮಾರು 1,500 ದಿಂಬುಗಳು, ಮೂಲ ಫೋಟೊಗಳು ಬರೀ ಹನ್ನೊಂದು. ಒಂದು ಮುಖವನ್ನು ಮನಸ್ಸಿನಲ್ಲಿಟ್ಟುಕೊಂಡು ಸಾಲಿನುದ್ದಕ್ಕೂ ಹುಡುಕುತ್ತ ಹೋದರೆ ಅದೇ ಮುಖ ಮತ್ತೆ ಮತ್ತೆ ಸಿಗುತ್ತದೆ, ಆದರೆ ಒಂದರಂತೆ ಇನ್ನೊಂದಿಲ್ಲ. ಜೆರಾಕ್ಸ್‌ನಲ್ಲಿ ನಡುವಿನ ಬೂದು ಛಾಯೆಗಳು ಹಾರಿಹೋಗಿ ಕಪ್ಪು-ಬಿಳುಪು ಮಾತ್ರ ಉಳಿಯುತ್ತದೆ. ಬಟ್ಟೆಯ ನೇಯ್ಗೆ ಇನ್ನಷ್ಟು ವಿವರ ನುಂಗುತ್ತದೆ. ಆ ನಷ್ಟ ಕೆಲಸದ ದೋಷವಲ್ಲ, ಅದೇ ವಿಷಯ. 1994ರಲ್ಲಿ ಶುರುವಾದ ಕೃತಿ 2015ರವರೆಗೂ ಬೆಳೆಯಿತು.

ಪೌಲಿನೊ ಅವರ ಇನ್ನೆರಡು ಕೃತಿಗಳು ಎಲ್ಲಿ ಸಿಕ್ಕಿದರೂ ಬಿಡಬೇಡಿ. 1997ರ 'ಬಸ್ತಿದೋರೆಸ್': ಕಸೂತಿಯ ಮರದ ಬಳೆಯಲ್ಲಿ ಬಿಗಿದ ಬಟ್ಟೆ, ಅದರಲ್ಲಿ ಕಪ್ಪು ಹೆಣ್ಣುಮಕ್ಕಳ ಮುಖ. ಬಾಯಿ, ಕಣ್ಣು, ಗಂಟಲ ಮೇಲೆ ಕರಿದಾರದ ಒರಟು ಹೊಲಿಗೆ. ಆ ಪೋರ್ಚುಗೀಸ್ ಪದಕ್ಕೆ ಕಸೂತಿ ಬಳೆ ಅಂತಲೂ ಅರ್ಥ, ರಂಗದ ಹಿಂಬದಿ ಅಂತಲೂ ಅರ್ಥ. 2013ರ 'ಅಸೆಂತಮೆಂತೊ' ಇನ್ನೂ ಕಠಿಣ. 1865ರಲ್ಲಿ ಲೂಯಿ ಅಗಸಿ ಎಂಬ ವಿಜ್ಞಾನಿ ತನ್ನ ಜನಾಂಗ ಸಿದ್ಧಾಂತಕ್ಕೆ ಸಾಕ್ಷಿ ಬೇಕೆಂದು ಆಗಸ್ಟ್ ಸ್ಟಾಲ್ ಎಂಬ ಛಾಯಾಗ್ರಾಹಕನಿಂದ ಕಪ್ಪು ಜನರ ಬೆತ್ತಲೆ ಫೋಟೊ ತೆಗೆಸಿದ. ಅದರಲ್ಲಿನ ಒಬ್ಬ ಹೆಂಗಸನ್ನು ಪೌಲಿನೊ ಆಳೆತ್ತರಕ್ಕೆ ಬಟ್ಟೆಯ ಮೇಲೆ ಮುದ್ರಿಸಿ, ತುಂಡರಿಸಿ, ಮತ್ತೆ ಹೊಲಿದರು. ಹೊಲಿದದ್ದು ಸರಿ ಕೂಡುವುದಿಲ್ಲ. ಅಂಚುಗಳು ಒಂದಿಷ್ಟು ಜರುಗಿವೆ, ಟಾಕಿ ಆಪರೇಷನ್ ಹೊಲಿಗೆಯ ಹಾಗೆ ಎದ್ದು ಕಾಣುತ್ತದೆ. ಎದೆಯಲ್ಲಿ ಕೆಂಪು ಹೃದಯ, ಕಾಲಲ್ಲಿ ಬೇರು.

ಕರ್ನಾಟಕದವರಿಗೆ ಇಲ್ಲಿ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿ ಹೆಂಗಸರ ಕೌದಿ ನೆನಪಾಗದೆ ಇರದು. ಇದು ಬಲವಂತದ ಹೋಲಿಕೆಯಲ್ಲ. ಸಿದ್ದಿಗಳ ಹಿರೀಕರಲ್ಲಿ ಅನೇಕರನ್ನು ಆಫ್ರಿಕಾದಿಂದ ಗೋವಾಕ್ಕೆ ತಂದದ್ದು ಇದೇ ಪೋರ್ಚುಗೀಸ್ ಸಾಮ್ರಾಜ್ಯ. ಮೊಜಾಂಬಿಕ್‌ನ ಕರಾವಳಿಯಿಂದ ಹಡಗು ರಿಯೊಗೂ ಹೋಯಿತು, ಗೋವಾಕ್ಕೂ ಬಂತು. ಸಿದ್ದಿ ಕೌದಿಯಲ್ಲಿ ಮೂಲೆಯಿಂದ ಹೊಲಿಗೆ ಹಿಡಿದು ಅಂಚಿನುದ್ದಕ್ಕೂ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಮಡಚಿದ ತುಂಡುಬಟ್ಟೆಯ ತ್ರಿಕೋನ, ಅಂದರೆ ಫೂಲ್, ಇಡದೆ ಕೌದಿ ಮುಗಿಯಿತು ಅನ್ನುವುದಿಲ್ಲ. ಅಲ್ಲೂ ಟಾಕಿ ಮರೆಯಾಗುವುದಿಲ್ಲ.

ನಾಲ್ಕನೇ ದಿನ, ಶುಕ್ರವಾರ: ರಿಯೊ, ವಲೊಂಗೊ

ಸಾವೊ ಪಾಲೊದ ಕೊಂಗೊನ್ಯಾಸ್ ವಿಮಾನ ನಿಲ್ದಾಣದಿಂದ ರಿಯೊದ ಸಾಂತೊಸ್ ದುಮೊಂತ್‌ಗೆ ಒಂದು ಗಂಟೆ. ಎರಡೂ ಊರೊಳಗೇ ಇವೆ. ಗಲೆಯಾಂವ್‌ಗೆ (ರಿಯೊದ ಇನ್ನೊಂದು ವಿಮಾನ ನಿಲ್ದಾಣ) ಟಿಕೆಟ್ ಅಗ್ಗವೆಂದು ತೆಗೆದುಕೊಂಡರೆ ಉಳಿಸಿದ ದುಡ್ಡು ಟ್ಯಾಕ್ಸಿಗೆ ಹೋಗುತ್ತದೆ. ಸಾಂತೊಸ್ ದುಮೊಂತ್ ಬಾಗಿಲಿನಿಂದಲೇ ಟ್ರಾಮ್ ಬಂದರಿನ ಕಡೆಗಿದೆ.

ವಲೊಂಗೊ ದಕ್ಕೆ ರಸ್ತೆಯ ಮಟ್ಟಕ್ಕಿಂತ ಕೆಳಗಿನ ಒಂದು ಗುಂಡಿ. ಟಿಕೆಟ್ ಇಲ್ಲ, ಬಾಗಿಲಿಲ್ಲ, ನೆರಳೂ ಇಲ್ಲ. ಬಿಸಿಲೇರುವ ಮೊದಲು ಹೋಗಿ. 1811ರಲ್ಲಿ ಕಟ್ಟಿದ್ದು, ಸುಮಾರು ಒಂಬತ್ತು ಲಕ್ಷ ಆಫ್ರಿಕನ್ನರು ಇಲ್ಲಿ ಕಾಲಿಟ್ಟರೆಂಬ ಅಂದಾಜಿದೆ. 1843ರಲ್ಲಿ ಚಕ್ರವರ್ತಿಯ ವಧು ಹಡಗಿನಿಂದ ಇಳಿಯುವವಳಿದ್ದಳು ಎಂದು ಇದರ ಮೇಲೆಯೇ ಹೊಸ ದಕ್ಕೆ ಹಾಸಿದರು. 2011ರಲ್ಲಿ ಬಂದರು ಕಾಮಗಾರಿಗೆ ಅಗೆದಾಗ ಎರಡೂ ಹೊರಬಂದವು. 2017ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು.

ಎರಡು ಪದರವನ್ನು ಕಣ್ಣಿನಲ್ಲೇ ಬೇರೆ ಮಾಡಬಹುದು. ಅಚ್ಚುಕಟ್ಟಾಗಿ ಕಡೆದ ಕಲ್ಲುಗಳು ರಾಣಿಯವು. ಅದರಡಿ ಉಂಡೆ ಉಂಡೆಯಾಗಿ, ಅಡ್ಡಾದಿಡ್ಡಿ ಹಾಸಿದವು ವಲೊಂಗೊದವು. ಈ ಹಾಸಿಗೆಗೆ ಅಲ್ಲಿ 'ಪೆ ಜಿ ಮೊಲೆಕಿ' ಅನ್ನುತ್ತಾರೆ. ಅದೇ ಹೆಸರಿನ ತಿಂಡಿಯೂ ಇದೆ, ತಿಂದರೆ ನಮ್ಮ ಶೇಂಗಾ ಚಿಕ್ಕಿ.

ಹತ್ತು ನಿಮಿಷ ನಡೆದರೆ ಪೆದ್ರೊ ಎರ್ನೆಸ್ತೊ ಬೀದಿಯಲ್ಲಿ ಪ್ರೇತೊಸ್ ನೋವೊಸ್ ಸಂಸ್ಥೆ. 1996ರಲ್ಲಿ ಮನೆ ರಿಪೇರಿಗೆ ನೆಲ ಅಗೆದವರಿಗೆ ಮೂಳೆಗಳು ಸಿಕ್ಕವು: ಹಡಗಿನಿಂದ ಇಳಿದು, ಮಾರಾಟವಾಗುವ ಮುನ್ನವೇ ಸತ್ತವರನ್ನು 1830ರವರೆಗೆ ಹೂಳುತ್ತಿದ್ದ ಜಾಗ. ನೆಲದಲ್ಲಿ ಗಾಜಿನ ಕಿಂಡಿಗಳಿವೆ. ಆ ಗಾಜಿನ ಜೊತೆಗೇ ಸಮಕಾಲೀನ ಕಲೆಗೊಂದು ಗ್ಯಾಲರಿ. ಅಲ್ಲಿ ಫ್ಲ್ಯಾಶ್ ಬೇಡ, ಸೆಲ್ಫಿಯಂತೂ ಬೇಡವೇ ಬೇಡ.

ಐದನೇ ದಿನ, ಶನಿವಾರ: ಕಂದು ಕಾಗದ

ಮವಾ ಚೌಕದ ಮಾರ್, ಅಂದರೆ ರಿಯೊ ಕಲಾ ಮ್ಯೂಸಿಯಂ, ತೆರೆದದ್ದು 2013ರಲ್ಲಿ. ಲಿಫ್ಟ್‌ನಲ್ಲಿ ಮೇಲೆ ಹೋಗಿ ಇಳಿಯುತ್ತ ನೋಡುವ ಕ್ರಮ. 2019ರಲ್ಲಿ ರೊಸಿನ್ಯ ಫವೇಲಾದ ಮ್ಯಾಕ್ಸ್‌ವೆಲ್ ಅಲೆಕ್ಸಾಂಡ್ರೆ ಇಲ್ಲಿ 'ಪಾರ್ದೊ ಅಂದರೆ ಕಾಗದ' ಸರಣಿ ತೋರಿಸಿದರು. ಪಾರ್ದೊ ಎಂದರೆ ಶಾಲೆ ಪುಸ್ತಕಕ್ಕೆ ಬೈಂಡ್ ಹಾಕುವ ಕಂದು ಕಾಗದದ ಬಣ್ಣ; ಜನಗಣತಿಯಲ್ಲಿ ಬಿಳಿಯರೂ ಅಲ್ಲದ ಕರಿಯರೂ ಅಲ್ಲದವರ ಕಾಲಂ. 2022ರ ಗಣತಿಯಲ್ಲಿ ಆ ಕಾಲಂನವರು ಶೇ 45.3, ಬಿಳಿಯರಿಗಿಂತ ಹೆಚ್ಚು. ಅಲೆಕ್ಸಾಂಡ್ರೆ ಹೇಳಿದ್ದು ಇಷ್ಟು: ಪಾರ್ದೊ ಕಾಗದವಿರಬಹುದು, ನಾವು ಕರಿಯರು. ಹಾಳೆಗೆ ಹಚ್ಚಿದ್ದರಲ್ಲಿ ಕೂದಲು ನೇರ ಮಾಡುವ ಅಗ್ಗದ ಪೇಸ್ಟ್ ಕೂಡ ಇದೆ. ಅವರ ಕೃತಿ ಎಲ್ಲಿಯಾದರೂ ನೋಡಿದರೆ ಹಾಳೆಯ ಸುಕ್ಕು, ಮಡಿಕೆಗಳನ್ನು ಗಮನಿಸಿ.

ಆರು ಮತ್ತು ಏಳನೇ ದಿನ, ಭಾನುವಾರ–ಸೋಮವಾರ: ಸಾಲ್ವಡಾರ್

ಭಾನುವಾರ ವಿಮಾನದಲ್ಲೇ ಕಳೆಯಲಿ. ಸೋಮವಾರ ಮ್ಯೂಸಿಯಂಗಳ ರಜೆ, ಹಾಗಾಗಿ ದಿಕೆ ದೊ ತೊರೊರೊ ಕೆರೆಗೆ ಹೋಗಿ. ತಾತಿ ಮೊರೆನೊ 1998ರಲ್ಲಿ ಮಾಡಿದ ಹನ್ನೆರಡು ಒರಿಶಾಗಳಲ್ಲಿ, ಅಂದರೆ ಕಂದೊಂಬ್ಲೆ ದೇವರುಗಳ ಮೂರ್ತಿಗಳಲ್ಲಿ, ಎಂಟು ನೀರಿನ ಮೇಲೆ ನಿಂತಿವೆ. ಕಲೆಯಾಗಿ ಮಹಾ ಏನಲ್ಲ, ಆದರೆ ದೇವರುಗಳ ಗುರುತು ಹಿಡಿಯಲು ಒಳ್ಳೆಯ ಪಾಠ. ಹತ್ತಿರದ ಕಾಸಾ ಬ್ರಾಂಕ ತೆರೇರೊ, ಅಂದರೆ ಕಂದೊಂಬ್ಲೆ ಗುಡಿ, ರಾಷ್ಟ್ರೀಯ ಸ್ಮಾರಕ ಪಟ್ಟಿಗೆ ಸೇರಿದ ಮೊದಲ ತೆರೇರೊ. ಪೂಜೆಗೆ ಕರೆದರೆ ಬಿಳಿ ಅಥವಾ ತಿಳಿ ಬಣ್ಣದ ಬಟ್ಟೆ ಹಾಕಿ, ಕರಿ ಬಟ್ಟೆ ಬೇಡ. ಫೋಟೊ ನಿಷಿದ್ಧ.

ಸಂಜೆ ಅಕರಾಜೆ. ಅಲಸಂದೆ ಕಾಳು ನೆನೆಸಿ, ಸಿಪ್ಪೆ ತೆಗೆದು, ರುಬ್ಬಿ, ಈರುಳ್ಳಿ ಹಾಕಿ ಬೀಸಿ ಬೀಸಿ ಗಾಳಿ ತುಂಬಿಸಿ, ದೆಂದೆ ಎಣ್ಣೆಯಲ್ಲಿ ಕರಿದ ವಡೆ. ಬಿಳಿ ಲಂಗದ ಬಯಾನಾ ಹೆಂಗಸರು ಬೀದಿಯಲ್ಲೇ ಕರಿಯುತ್ತಾರೆ. ಆ ಕಸುಬಿಗೆ 2005ರಲ್ಲಿ ರಾಷ್ಟ್ರೀಯ ಪರಂಪರೆಯ ಮಾನ್ಯತೆ ಸಿಕ್ಕಿತು. ಸಸ್ಯಾಹಾರಿಗಳು ಎಚ್ಚರ: ಮೇಲಿನ ಸೀಗಡಿ ಬೇಡವೆಂದರೂ ಒಳಗಿನ ವತಪಾ, ಬೆಂಡೆಕಾಯಿಯ ಕರುರು ಎರಡರಲ್ಲೂ ಒಣ ಸೀಗಡಿ ಅರೆದಿರುತ್ತದೆ. ಬರೀ ವಡೆ ಮತ್ತು ಖಾರ ಕೇಳಿ. ವಿದೇಶಿಯರಿಗೆ ಅಲ್ಲಿಯ ಪಿಕ್ಸ್ ಎಂಬ ಫೋನ್ ಪಾವತಿ ಸುಲಭಕ್ಕೆ ಸಿಗದು, ಚಿಲ್ಲರೆ ಇರಲಿ.

ಎಂಟನೇ ದಿನ, ಮಂಗಳವಾರ: ಸೊಲಾರ್ ದೊ ಉನ್ಯಾಂವ್

ಬಾಹಿಯಾದ ಆಧುನಿಕ ಕಲಾ ಮ್ಯೂಸಿಯಂ ಸಮುದ್ರಕ್ಕೆ ತಾಗಿದ ಹಳೆಯ ಕೋಠಿ. ಕೊಂತೊರ್ನೊ ರಸ್ತೆಯಲ್ಲಿ ನಡೆಯದೆ ಟ್ಯಾಕ್ಸಿಯಲ್ಲಿ ಬನ್ನಿ. 1960ರ ದಶಕದ ಆರಂಭದಲ್ಲಿ ಲೀನಾ ಬೊ ಬಾರ್ದಿ ಇದನ್ನು ದುರಸ್ತಿ ಮಾಡಿ ಒಳಗೊಂದು ಮರದ ಮೆಟ್ಟಿಲು ಕಟ್ಟಿಸಿದರು. ಒಂದು ಮೊಳೆಯೂ ಇಲ್ಲ. ತೊಲೆಯ ತೂತಿನಲ್ಲಿ ಹಲಗೆಯ ನಾಲಿಗೆ ತೂರಿಸಿ ಗೂಟ ಬಡಿದಿದ್ದಾರೆ, ಎತ್ತಿನ ಗಾಡಿಯ ಕೀಲಿನ ಹಾಗೆ. ಗೂಟದ ತಲೆಗಳು ಹೊರಗೆ ಚಾಚಿಕೊಂಡಿವೆ. ಮೊದಲ ದಿನದ ಕ್ಯಾನ್ವಾಸ್ ಗೆರೆ ನೆನಪಿದೆಯಲ್ಲ.

ರೂಬೆಂ ವಲೆಂಟಿಮ್ (1922–1991) ಸಾಲ್ವಡಾರ್‌ನವರು, ಓದಿದ್ದು ದಂತವೈದ್ಯ. 1977ರ ಸಾವೊ ಪಾಲೊ ಬಿಯೆನಾಲೆಯಲ್ಲಿ ತೋರಿಸಿದ ಅವರ 'ಒಶಾಲಾನ ಗುಡಿ' ಈ ಮ್ಯೂಸಿಯಂನ ಸಂಗ್ರಹ: ಇಪ್ಪತ್ತು ಶಿಲ್ಪ, ಹತ್ತು ಉಬ್ಬುಫಲಕ, ಎಲ್ಲ ಅಚ್ಚ ಬಿಳಿ. ಒಶಾಲಾ ಎಂಬ ದೇವರ ಬಣ್ಣ ಬಿಳಿ. ಇದನ್ನು ಬರೀ ಜ್ಯಾಮಿತಿ ಎಂದು ನೋಡಿದರೆ ಐದು ನಿಮಿಷಕ್ಕೆ ಬೇಸರ. ಓದುವ ಕ್ರಮ ಹೀಗೆ: ಮೊದಲು ನಡುವಿನ ಕಂಬ ಹಿಡಿಯಿರಿ, ಎಡ-ಬಲ ಬಹುತೇಕ ಸಮ. ಕಂಬದ ಮೇಲೆ ಬಿಲ್ಲೆ ಬಿಲ್ಲೆಯಾಗಿ ಏರಿದ್ದರೆ ಒಶಾಲಾನ ದಂಡ. ಎರಡು ಬಾಯಿಯ ಕೊಡಲಿ ಕಂಡರೆ ಶಾಂಗೊ, ಸಿಡಿಲಿನ ದೇವರು. ಬಿಲ್ಲು-ಬಾಣ ಒಂದಾಗಿದ್ದರೆ ಬೇಟೆಯ ಒಶೊಸಿ. ಬುಡ ಅಗಲವಾಗಿದ್ದರೆ ಅದು ಪೂಜೆಯ ಪೀಠ. ನಾಲ್ಕು ಗುರುತು ಬಂದರೆ ಮಿಕ್ಕವು ತಾನಾಗಿ ಬರುತ್ತವೆ.

ಆಯರ್ಸನ್ ಎರಾಕ್ಲಿಟೊ ಅವರ ವಿಡಿಯೊ ಎಲ್ಲಿಯಾದರೂ ನಡೆಯುತ್ತಿದೆಯೇ ಎಂದು ಇಲ್ಲೇ ವಿಚಾರಿಸಿ. 2015ರ 'ಸಕುದಿಮೆಂತೊಸ್' ಅಕ್ಕಪಕ್ಕ ಎರಡು ತೆರೆಯಲ್ಲಿ ನಡೆಯುತ್ತದೆ: ಒಂದರಲ್ಲಿ ಬಾಹಿಯಾ ಕರಾವಳಿಯ ಜಮೀನ್ದಾರರ ಕೋಟೆಮನೆ ಕಾಸಾ ದ ತೊರ್ರೆ, ಇನ್ನೊಂದರಲ್ಲಿ ಸೆನೆಗಲ್‌ನ ಗೊರೆ ದ್ವೀಪದ ಗುಲಾಮರ ಮನೆ. ಬಿಳಿ ಬಟ್ಟೆಯವರು ಸೊಪ್ಪಿನ ಕಟ್ಟು ಹಿಡಿದು ಗೋಡೆ ಗೋಡೆಗೂ ಬಡಿಯುತ್ತ ಹೋಗುತ್ತಾರೆ. ಬೇವಿನ ಸೊಪ್ಪಿನಲ್ಲಿ ನಿವಾಳಿಸುವುದು ಗೊತ್ತಿದ್ದವರಿಗೆ ಮೊದಲ ಹೊಡೆತಕ್ಕೇ ಅರ್ಥವಾಗುತ್ತದೆ, ಇಲ್ಲಿ ದೃಷ್ಟಿ ತೆಗೆಯುತ್ತಿರುವುದು ಮನುಷ್ಯನಿಗಲ್ಲ, ಸಾಗರದ ಎರಡು ದಂಡೆಗೆ. ಅವರದೇ ಇನ್ನೊಂದು ಕೃತಿಯಲ್ಲಿ ಗಾಜಿನ ತೊಟ್ಟಿ, ಕೆಳಗೆ ಉಪ್ಪುನೀರು, ಮೇಲೆ ದೆಂದೆ ಎಣ್ಣೆ. ಬೆರೆಯುವುದಿಲ್ಲ.

ಒಂಬತ್ತನೇ ದಿನ, ಬುಧವಾರ: ಪೆಲೊರಿನ್ಯು

ಸಾಲ್ವಡಾರ್‌ನ ಹಳೆಯ ಕೇರಿ ಇದು; ಪೆಲೊರಿನ್ಯು ಅಂದರೆ ಛಡಿಯೇಟಿನ ಕಂಬ. ಬೀದಿ ಕಡಿದಾದ ಕಲ್ಲಿನದು, ಚಪ್ಪಲಿ ಜಾರುತ್ತದೆ. ಹಳೆಯ ವೈದ್ಯ ಕಾಲೇಜಿನ ಆಫ್ರೊ-ಬ್ರೆಜಿಲಿಯನ್ ಮ್ಯೂಸಿಯಂನಲ್ಲಿ ಕರಿಬೆ ಕೆತ್ತಿದ 27 ಮರದ ಫಲಕಗಳಿವೆ, ಆಳೆತ್ತರಕ್ಕೂ ಮೀರಿದವು. ಕರಿಬೆ ಅರ್ಜೆಂಟೀನಾದಲ್ಲಿ ಹುಟ್ಟಿದ ಬಿಳಿಯ. ಪೌಲಿನೊ, ದಿದಿ ನೋಡಿ ಬಂದವರಿಗೆ ಇಲ್ಲೊಂದು ವ್ಯತ್ಯಾಸ ಕಾಣುತ್ತದೆ: ಕೆತ್ತನೆ ಸೊಗಸು, ಕೂಡಿಸಿದ ಜಾಗ ಎದ್ದು ಕಾಣುವುದಿಲ್ಲ, ಎಲ್ಲ ನಯ. ಕಾಸಾ ದೊ ಬೆನಿಂ (1988) ಮತ್ತೆ ಲೀನಾ ಬೊ ಬಾರ್ದಿಯದು. ಕಂಬಗಳಿಗೆ ಹೆಣೆದ ತೆಂಗಿನ ಗರಿ ಸುತ್ತಿಸಿದ್ದಾರೆ, ಥೇಟ್ ಮದುವೆ ಚಪ್ಪರ. 2023ರ ನವೆಂಬರ್‌ನಲ್ಲಿ ಮತ್ತೆ ತೆರೆದ ಮುನ್‌ಕಾಬ್‌ನಲ್ಲಿ, ಅಂದರೆ ಆಫ್ರೊ-ಬ್ರೆಜಿಲಿಯನ್ ಸಂಸ್ಕೃತಿಯ ರಾಷ್ಟ್ರೀಯ ಮ್ಯೂಸಿಯಂನಲ್ಲಿ, ಇಂದಿನ ಕಲಾವಿದರು ಹೆಚ್ಚು. ಸಮಯ ಕಡಿಮೆಯಿದ್ದರೆ ಮೂರರಲ್ಲಿ ಅದನ್ನೇ ಆರಿಸಿ.

ಹತ್ತನೇ ದಿನ, ಗುರುವಾರ: ತಾರಸಿಯ ಸಂಗ್ರಹ

ಅಸೆರ್ವೊ ದ ಲಾಜೆ, ಊರಾಚೆಯ ಬಡ ಬಡಾವಣೆಯಲ್ಲಿ ದಂಪತಿಗಳು 2010ರಲ್ಲಿ ಕಟ್ಟಿದ ಸಂಗ್ರಹ. ಲಾಜೆ ಅಂದರೆ ಮುಂದೆ ಇನ್ನೊಂದು ಮಹಡಿ ಏಳಲಿ ಎಂದು ಬಿಟ್ಟ ಕಾಂಕ್ರೀಟ್ ತಾರಸಿ. ಆ ಕಡೆಯ ರೈಲು 2021ರಲ್ಲಿ ನಿಂತಿತು. ಮೊದಲೇ ಸಂದೇಶ ಕಳಿಸಿ ದಿನ ಗೊತ್ತುಮಾಡಿಕೊಂಡು ಟ್ಯಾಕ್ಸಿಯಲ್ಲಿ ಹೋಗಬೇಕು, ವಾಪಸಿಗೂ ಅದೇ ಗಾಡಿ ನಿಲ್ಲಿಸಿಕೊಳ್ಳುವುದು ಮೇಲು. ಒಳಗೆ ಆ ಬಡಾವಣೆಗಳ ಕಲಾವಿದರ ಮುಖವಾಡ, ಚಿತ್ರ, ಸಮುದ್ರ ದಂಡೆಗೆ ತಂದುಹಾಕಿದ ಪಿಂಗಾಣಿ ಚೂರುಗಳು.

ಮಾರುಕಟ್ಟೆಯಿಂದ ದೆಂದೆ ಎಣ್ಣೆ ತರುವುದಾದರೆ ಅರ್ಧ ಲೀಟರ್ ಸಾಕು. ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಚೆಕ್-ಇನ್ ಬ್ಯಾಗಿನಲ್ಲಿಡಿ. ಬಟ್ಟೆಗೆ ತಾಗಿದ ಕಿತ್ತಳೆ ಕಲೆ ಸುಲಭಕ್ಕೆ ಹೋಗದು. ಬೆಂಗಳೂರಿಗೆ ಬಂದಾಗ ಬಾಟಲಿಯೊಳಗೆ ಎರಡು ಪದರ ಆಗಿರುತ್ತದೆ, ತಳದಲ್ಲಿ ಗಟ್ಟಿ ಹಳದಿ, ಮೇಲೆ ಕೆಂಪು ತಿಳಿ. ಕೆಟ್ಟಿಲ್ಲ, ಬಿಸಿನೀರಿನಲ್ಲಿ ಇಟ್ಟರೆ ಕರಗುತ್ತದೆ. ಲಸಿಕೆ ಕಾರ್ಡನ್ನು ಮಾತ್ರ ಆ ಬ್ಯಾಗಿನಲ್ಲಿ ಹಾಕಬೇಡಿ. ಇಮಿಗ್ರೇಷನ್‌ಗೆ ಮುಂಚೆಯೇ ಕೇಳುತ್ತಾರೆ.